ಲಂಬಾಣಿಗರು, ಗೊಂಡರು: ಹೋಲಿಸುವ ಬಗೆ

ಬಸವಕಲ್ಯಾಣ, ಹುಮನಾಬಾದಗಳಂಥ ಊರುಗಳಲ್ಲಿ ಸಮಾಜಶಾಸ್ತ್ರವನ್ನೋ ಅರ್ಥಶಾಸ್ತ್ರವನ್ನೋ ವ್ಯಾಸಂಗಮಾಡುವ ತರುಣರ ಪಾಲಿಗೆ ಬರುವ ಕೆಲಸವೊಂದುಂಟು. ಪ್ರಶ್ನಾವಳಿಯೊಂದನ್ನು ಹಿಡಿದು ಲಂಬಾಣಿಗರ ಕೆಲವು ತಾಂಡಾಗಳಿಗೂ ಗೊಂಡರು ವಾಸಿಸುವ ಕೆಲವು ಹಳ್ಳಿಗಳಿಗೂ ಹೋಗುವುದು. ಮನೆಗೆ ಎಷ್ಟು ಎಕರೆ ಜಮೀನು, ವರ್ಷಕ್ಕೆ ಎಷ್ಟು ಉತ್ಪನ್ನ, ಎಷ್ಟು ಮಂದಿ ಅಕ್ಷರಸ್ಥರು ಎಂದು ವಿಚಾರಿಸುವುದು. ಬಂದ ಉತ್ತರಗಳನ್ನು ಶೇಕಡಾ ಲೆಕ್ಕದಲ್ಲಿ ಕೋಷ್ಟಕಗಳಾಗಿ ಜೋಡಿಸಿ, ಕೊನೆಗೆ ಇಂಥವರು ಮುಂದು, ಇಂಥವರು ಹಿಂದು ಎಂದು ತೀರ್ಮಾನ ಬರೆಯುವುದು. ಕೆಲಸವೇನೋ ಒಳ್ಳೆಯದೇ. ಕಾಲೇಜಿನ ಗೋಡೆಯಿಂದಾಚೆಗೆ ಕಾಲಿಟ್ಟು ನೆರೆಹೊರೆಯ ಜನರ ಬಾಳನ್ನು ಕಣ್ಣಾರೆ ಕಾಣುವುದಕ್ಕಿಂತ ಉತ್ತಮವಾದ ಪಾಠ ಬೇರೊಂದಿಲ್ಲ. ಆದರೆ ಇಂಥ ಕೋಷ್ಟಕಗಳಲ್ಲಿ ಬಹುಪಾಲು ಎರಡು ಜನಾಂಗಗಳನ್ನು ಹೋಲಿಸುವುದೇ ಇಲ್ಲವೆಂದು ನನ್ನ ಅಭಿಪ್ರಾಯ. ಅವು ಎರಡು ಸರಕಾರಿ ಪಟ್ಟಿಗಳನ್ನು ಹೋಲಿಸುತ್ತವೆ. ವರ್ಷದ ಯಾವುದೋ ಒಂದು ತಿಂಗಳನ್ನು ಇಡೀ ವರ್ಷವೆಂದು ಬಗೆಯುತ್ತವೆ. ಒಬ್ಬ ರೋಗಿಯ ಜ್ವರವನ್ನು ಬೆಳಗಿನಲ್ಲಿಯೂ ಇನ್ನೊಬ್ಬನದನ್ನು ಸಂಜೆಯಲ್ಲಿಯೂ ಅಳೆದು, ಇವನಿಗಿಂತ ಅವನಿಗೆ ಕಾಯಿಲೆ ಹೆಚ್ಚೆಂದು ಹೇಳುವ ವೈದ್ಯನನ್ನು ನಾವು ನಂಬುವೆವೆ?

ಮೊದಲು ಪಟ್ಟಿಯ ವಿಷಯವನ್ನು ನೋಡೋಣ. 1956ರ ನವೆಂಬರ್ 1ರಂದು ಹೈದರಾಬಾದ ರಾಜ್ಯವು ಒಡೆದು ಮೂರು ಪಾಲಾದಾಗ ಹಳೆಯ ಬೀದರ ಜಿಲ್ಲೆಯೂ ಮೂರು ಪಾಲಾಯಿತು. ಬಸವಕಲ್ಯಾಣ, ಹುಮನಾಬಾದ ಮೊದಲಾದುವು ಅಂದಿನ ಮೈಸೂರಿಗೆ ಬಂದುವು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೂ, ಅಲ್ಲಿಂದ 1960ರಲ್ಲಿ ಮಹಾರಾಷ್ಟ್ರಕ್ಕೂ ಹೋದುವು. ಜಹೀರಾಬಾದ, ನಾರಾಯಣಖೇಡಗಳು ಆಂಧ್ರ ಪ್ರದೇಶವನ್ನು ಸೇರಿ 2014ರಿಂದ ತೆಲಂಗಾಣದಲ್ಲಿವೆ. ಈ ಎಲ್ಲ ಸೀಮೆಗಳಲ್ಲಿಯೂ ಲಂಬಾಣಿ ತಾಂಡಾಗಳಿವೆ. ಮಾತು ಒಂದೇ, ಕುಲಗಳು ಒಂದೇ, ಸೇವಾಲಾಲರ ಮೇಲಣ ಭಕ್ತಿ ಒಂದೇ. ಆದರೂ ಇಂದು ಅದೇ ಲಂಬಾಣಿಗನು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯವನು, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡದವನು, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿಯವನು. 1976ರಲ್ಲಿ ಸಂಸತ್ತು ಅಂಗೀಕರಿಸಿದ ಒಂದೇ ತಿದ್ದುಪಡಿ ಶಾಸನವು ಬೀದರಿನ ಲಂಬಾಣಿಗರನ್ನು ಒಂದು ಪಟ್ಟಿಗೂ ಜಹೀರಾಬಾದಿನವರನ್ನು ಇನ್ನೊಂದು ಪಟ್ಟಿಗೂ ಸೇರಿಸಿತು. ಗಡಿಯ ಆಚೀಚೆ ಹೆಣ್ಣು ಕೊಟ್ಟು ತರುವ ಕುಟುಂಬಗಳಲ್ಲಿ ಅಣ್ಣನ ಮಕ್ಕಳು ಒಂದು ಪಟ್ಟಿಯಲ್ಲಿಯೂ ತಂಗಿಯ ಮಕ್ಕಳು ಇನ್ನೊಂದರಲ್ಲಿಯೂ ಇರುವಂತಾಗಿದೆ.

ಗೊಂಡರ ವಿಷಯವೂ ಇಷ್ಟೇ ಜಟಿಲ. ಬೀದರ ಜಿಲ್ಲೆಯಲ್ಲಿ ಗೊಂಡ ಎಂಬ ಹೆಸರು ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿದೆ. ಆದರೆ ಇಲ್ಲಿ ಆ ಹೆಸರಿನಿಂದ ಕರೆದುಕೊಳ್ಳುವವರಲ್ಲಿ ಬಹುಮಂದಿ ಕನ್ನಡ ಮಾತಾಡುವ, ಕುರಿ ಸಾಕುವ, ಮೈಲಾರ ಮಲ್ಲಣ್ಣನಿಗೂ ಬೀರಪ್ಪನಿಗೂ ನಡೆದುಕೊಳ್ಳುವ ಜನ. ಮಧ್ಯಭಾರತದ ಕಾಡುಗಳಲ್ಲಿ ಗೊಂಡಿ ಭಾಷೆಯನ್ನಾಡುವ ಗೊಂಡರಂತಲ್ಲ. ಇಲ್ಲಿಯ ಗೊಂಡರೂ ಕುರುಬರೂ ಒಂದೇ ಎಂಬ ವಾದವೂ ಅಲ್ಲವೆಂಬ ವಾದವೂ ಬಹುಕಾಲದಿಂದ ನಡೆದುಬಂದಿವೆ. ಎರಡೂ ಹೆಸರುಗಳನ್ನು ಸಮಾನಾರ್ಥಕವೆಂದು ಪರಿಗಣಿಸಬೇಕೆಂದು ರಾಜ್ಯ ಸರಕಾರವು ಕೇಂದ್ರಕ್ಕೆ ಶಿಫಾರಸು ಮಾಡಿರುವುದೂ ಉಂಟು. ಆ ವಾದದ ಇತ್ಯರ್ಥವನ್ನು ಮಾಡುವುದು ಈ ಲೇಖನದ ಕೆಲಸವಲ್ಲ. ಎಣಿಸಹೊರಟವನು ತಾನು ಯಾರನ್ನು ಎಣಿಸುತ್ತಿರುವೆನೆಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕೆಂಬುದಷ್ಟೇ ಇಲ್ಲಿ ಪ್ರಸ್ತುತ.

ಪಟ್ಟಿಯೊಂದು ಅಂಕಿಗಳನ್ನು ಎಷ್ಟರಮಟ್ಟಿಗೆ ಅಲುಗಾಡಿಸಬಲ್ಲುದೆಂಬುದಕ್ಕೆ ಜನಗಣತಿಯೇ ಸಾಕ್ಷಿ. 1971ರಲ್ಲಿ ಕರ್ನಾಟಕದ ಪರಿಶಿಷ್ಟ ಪಂಗಡಗಳ ಜನಸಂಖ್ಯೆ ಸುಮಾರು 2.3 ಲಕ್ಷ, 1981ರಲ್ಲಿ ಸುಮಾರು 18.25 ಲಕ್ಷ. ಹತ್ತು ವರ್ಷಗಳಲ್ಲಿ ಸುಮಾರು ಎಂಟು ಪಟ್ಟು! ಯಾವ ಜನಾಂಗವೂ ಹೀಗೆ ಬೆಳೆಯಲಾರದು. ಹಿಂದೆ ಕೆಲವು ಜಿಲ್ಲೆಗಳಿಗೆ ಮಾತ್ರ ಅನ್ವಯಿಸುತ್ತಿದ್ದ ಹೆಸರುಗಳು 1976ರ ಶಾಸನದ ತರುವಾಯ ರಾಜ್ಯಕ್ಕೆಲ್ಲ ಅನ್ವಯಿಸಿದುವು, ಅಷ್ಟೆ. ಕಾಡು ವಿರಳವಾಗಿರುವ ಬೀದರ ಜಿಲ್ಲೆಯಲ್ಲಿ 2011ರ ಗಣತಿಯಂತೆ ನೂರಕ್ಕೆ ಸುಮಾರು 14 ಮಂದಿ ಪರಿಶಿಷ್ಟ ಪಂಗಡದವರು. ರಾಜ್ಯದ ಸರಾಸರಿ ಇದರ ಅರ್ಧದಷ್ಟು. ಈ ಎರಡು ಅಂಕಿಗಳನ್ನು ಎದುರುಬದುರಾಗಿಟ್ಟು ಏನನ್ನಾದರೂ ಸಾಧಿಸಹೊರಡುವ ಮುನ್ನ ಮೇಲಿನ ಎಂಟು ಪಟ್ಟಿನ ಕಥೆಯನ್ನು ಒಮ್ಮೆ ಜ್ಞಾಪಿಸಿಕೊಳ್ಳುವುದು ಲೇಸು.

ಹಾಗಾದರೆ ಈ ಎರಡು ತಾಲ್ಲೂಕುಗಳಲ್ಲಿ ಲಂಬಾಣಿಗರಿಗೂ ಗೊಂಡರಿಗೂ ಇರುವ ನಿಜವಾದ ವ್ಯತ್ಯಾಸವಾವುದು? ನನಗೆ ತೋರುವಂತೆ ಅದು ವಾಸಸ್ಥಾನದ ವ್ಯತ್ಯಾಸ. ಗೊಂಡರು ಊರೊಳಗಿನವರು. ಅವರ ಓಣಿ ಊರಿನ ಒಂದು ಭಾಗ. ಊರ ಬಾವಿ, ಊರ ಶಾಲೆ, ಊರ ಸಂತೆ ಅವರಿಗೆ ಕೂಗಳತೆಯಲ್ಲಿವೆ. ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿ ತರುಬಿ ಗೊಬ್ಬರ ಕೊಟ್ಟು, ಪ್ರತಿಯಾಗಿ ಕಾಳನ್ನೋ ಹಣವನ್ನೋ ಪಡೆಯುವ ಅವರ ಕಸುಬು ಒಕ್ಕಲಿನ ಬಾಳಿಗೆ ಹೆಣೆದುಕೊಂಡಿರುವಂಥದು. ಲಂಬಾಣಿಗರಾದರೋ ಊರಾಚೆಯವರು. ತಾಂಡಾ ಎಂದರೆ ಮೂಲತಃ ನಡೆಯುವ ಊರು. ಹದಿನೇಳನೆಯ ಶತಮಾನದಲ್ಲಿ ಭಾರತವನ್ನು ಸುತ್ತಿದ ಫ್ರೆಂಚ್ ವ್ಯಾಪಾರಿ ತಾವೆರ್ನಿಯೆಯು, ಧಾನ್ಯವನ್ನೋ ಉಪ್ಪನ್ನೋ ಹೇರಿಕೊಂಡು ಹತ್ತು ಹನ್ನೆರಡು ಸಾವಿರ ಎತ್ತುಗಳು ಒಟ್ಟಾಗಿ ಸಾಗುವ ಇವರ ಸಾಲುಗಳನ್ನು ವರ್ಣಿಸಿದ್ದಾನೆ. ದಖ್ಖನಿಗೆ ಬಂದ ಮೊಗಲರ ಸೈನ್ಯಗಳಿಗೆ ಅನ್ನ ಒದಗಿಸಿದವರು ಇವರೇ. ಮುಂದೆ ರೈಲು ಬಂದಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿನವರೆಗಿನ ಮಾರ್ಗ ತೆರೆದಾಗ ಈ ಸೀಮೆಯ ಹೇರೆತ್ತಿನ ವ್ಯಾಪಾರಕ್ಕೆ ಉಳಿಗಾಲವಿಲ್ಲದಾಯಿತು. ಕಸುಬು ಕಳೆದುಕೊಂಡು ಅಲೆಯುವವರನ್ನು ಬ್ರಿಟಿಷ್ ಸರಕಾರವು ಸಂಶಯದಿಂದ ನೋಡಿತು. 1871ರಲ್ಲಿ ಆರಂಭವಾದ ಅಪರಾಧಿ ಬುಡಕಟ್ಟುಗಳ ಶಾಸನದಡಿಯಲ್ಲಿ ಕಾಲಕ್ರಮದಲ್ಲಿ ಹಲವು ಪ್ರಾಂತಗಳ ಲಂಬಾಣಿಗರೂ ಸಿಕ್ಕಿಬಿದ್ದರು. ಆ ಶಾಸನ ರದ್ದಾದುದು 1952ರಲ್ಲಿ. ವಿಮುಕ್ತ ಎಂಬ ಹೆಸರು ಬಂದುದು ಆ ಬಿಡುಗಡೆಯಿಂದಲೇ.

ಎತ್ತುಗಳನ್ನು ಬಿಟ್ಟು ನೆಲಸಲು ಬಂದವರಿಗೆ ಒಳ್ಳೆಯ ಕಪ್ಪು ಭೂಮಿ ಎಲ್ಲಿ ಸಿಕ್ಕೀತು? ಅದಕ್ಕೆಲ್ಲ ಮೊದಲೇ ಒಡೆಯರಿದ್ದರು. ಹೀಗಾಗಿ ದಿಣ್ಣೆಯ ಮೇಲೆ, ಜಂಬಿಟ್ಟಿಗೆಯ ಕೆಂಪು ನೆಲದಲ್ಲಿ, ಗಾಯರಾಣದ ಅಂಚಿನಲ್ಲಿ ತಾಂಡಾಗಳು ಬೇರೂರಿದುವು. ಆ ನೆಲದಲ್ಲಿ ಮಳೆ ನಂಬಿ ತೊಗರಿಯನ್ನೋ ಉದ್ದನ್ನೋ ಬೆಳೆಯಬಹುದು. ಅದರಿಂದ ವರ್ಷವಿಡೀ ಉಣ್ಣಲಾಗದು. ಇದಕ್ಕಿಂತ ದೊಡ್ಡ ತೊಡಕೊಂದಿತ್ತು. ಸರಕಾರಿ ದಾಖಲೆಯಲ್ಲಿ ಎಷ್ಟೋ ತಾಂಡಾಗಳು ಊರೇ ಆಗಿರಲಿಲ್ಲ. ಕಂದಾಯ ಗ್ರಾಮವಲ್ಲದ ಕಡೆ ತಾನು ಕಟ್ಟಿದ ಮನೆಯ ಅಡಿಜಾಗವೂ ತನ್ನದೆಂಬುದಕ್ಕೆ ಕಾಗದವಿಲ್ಲ. ಕಾಗದವಿಲ್ಲದವನಿಗೆ ಬ್ಯಾಂಕಿನ ಸಾಲವಿಲ್ಲ. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ಬೀದರವೂ ಸೇರಿದಂತೆ ಐದು ಜಿಲ್ಲೆಗಳ 50,000ಕ್ಕೂ ಹೆಚ್ಚು ಫಲಾನುಭವಿಗಳಿಗೆ ಹಕ್ಕುಪತ್ರ ಹಂಚುವ ಸಮಾರಂಭ ನಡೆಯಿತು. ಗಣರಾಜ್ಯವಾಗಿ ಸುಮಾರು 73 ವರ್ಷಗಳಾದ ಮೇಲೆ! ಪ್ರಶ್ನಾವಳಿಯಲ್ಲಿ ‘ಸ್ವಂತ ಮನೆ ಉಂಟೆ?’ ಎಂದು ಕೇಳಿದರೆ ಗೊಂಡನೂ ಉಂಟೆನ್ನುವನು, ಲಂಬಾಣಿಗನೂ ಉಂಟೆನ್ನುವನು. ಕೋಷ್ಟಕದಲ್ಲಿ ಇಬ್ಬರೂ ಸಮಾನರು.

ಇನ್ನು ತಿಂಗಳಿನ ಮಾತು. ಕಬ್ಬು ಅರೆಯುವ ಕಾಲ ಸಾಮಾನ್ಯವಾಗಿ ಅಕ್ಟೋಬರ್ ಕೊನೆಗೋ ನವೆಂಬರಿಗೋ ಮೊದಲಾಗಿ ಮಾರ್ಚಿಯವರೆಗೆ ನಡೆಯುತ್ತದೆ. ಆ ಕಾಲದಲ್ಲಿ ತಾಂಡಾಗಳ ಎಷ್ಟೋ ಸಂಸಾರಗಳು ಮುಂಗಡ ಹಣ ಪಡೆದು ಮಕ್ಕಳೊಂದಿಗೆ ಲಾರಿ ಹತ್ತಿ ಕಬ್ಬು ಕಡಿಯಲು ದೂರದ ಗದ್ದೆಗಳಿಗೆ ಹೋಗುತ್ತವೆ. ಇನ್ನೂ ಕೆಲವು ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ಕಟ್ಟಡದ ಕೆಲಸ ಹಿಡಿಯುತ್ತವೆ. ನಮ್ಮ ವಿದ್ಯಾರ್ಥಿಗಳಿಗೆ ಬಿಡುವು ಸಿಗುವುದೂ ಹೆಚ್ಚಾಗಿ ಡಿಸೆಂಬರ್ ಜನವರಿಗಳಲ್ಲಿಯೇ. ಪರಿಣಾಮವೇನೆಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯೋಣ. ಒಂದು ತಾಂಡಾದಲ್ಲಿ 100 ಮನೆ, ಮನೆಗೊಂದು ಶಾಲಾವಯಸ್ಸಿನ ಮಗು ಎಂದಿಟ್ಟುಕೊಳ್ಳಿ. ವಲಸೆ ಹೋಗುವ 60 ಮನೆಗಳ ಮಕ್ಕಳಲ್ಲಿ 15 ಮಾತ್ರ ಶಾಲೆಯನ್ನು ಬಿಡದೆ ನಡಸುತ್ತವೆ; ಉಳಿದ 40 ಮನೆಗಳಲ್ಲಿ 36. ಜುಲೈಯಲ್ಲಿ ಹೋಗಿ ಎಲ್ಲ ಮನೆಗಳನ್ನೂ ವಿಚಾರಿಸಿದವನಿಗೆ ಸಿಗುವ ಲೆಕ್ಕ ನೂರಕ್ಕೆ 51. ಜನವರಿಯಲ್ಲಿ ಹೋಗಿ ತೆರೆದ ಮನೆಗಳನ್ನು ಮಾತ್ರ ವಿಚಾರಿಸಿದವನಿಗೆ 40ಕ್ಕೆ 36, ಎಂದರೆ ನೂರಕ್ಕೆ 90. ಜನ ಅವರೇ, ತಾಂಡಾ ಅದೇ. ಸುಳ್ಳನ್ನು ಯಾರೂ ಹೇಳಲಿಲ್ಲ. ಆದರೂ ಒಂದು ವರದಿ ಸರಕಾರವನ್ನು ಎಚ್ಚರಿಸುತ್ತದೆ, ಇನ್ನೊಂದು ಮಲಗಿಸುತ್ತದೆ.

ಕಬ್ಬಿನ ಗದ್ದೆಯ ಕೂಲಿಯಲ್ಲಿ ಇನ್ನೊಂದು ಸೂಕ್ಷ್ಮವುಂಟು. ಮಹಾರಾಷ್ಟ್ರದ ಗದ್ದೆಗಳಲ್ಲಿ ಗಂಡಹೆಂಡಿರ ಜೋಡಿಯನ್ನು ಒಂದು ‘ಕೋಯ್ತಾ’ ಎಂದು ಎಣಿಸುವರು. ಕೋಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಇಬ್ಬರು ದುಡಿದರೂ ಕತ್ತಿ ಒಂದು, ಮುಂಗಡ ಒಂದು, ಲೆಕ್ಕ ಒಂದು. ಅದೂ ಸಾಮಾನ್ಯವಾಗಿ ಗಂಡಸಿನ ಹೆಸರಿನಲ್ಲಿ. ಕಬ್ಬನ್ನು ಸಿವುಡು ಕಟ್ಟಿ, ತಲೆಯ ಮೇಲೆ ಹೊತ್ತು ಲಾರಿಗೆ ಏರಿಸುವ ಹೆಣ್ಣಿನ ಗಳಿಕೆ ನಮ್ಮ ಕೋಷ್ಟಕದ ಯಾವ ಸ್ತಂಭದಲ್ಲಿಯೂ ಬೀಳುವುದಿಲ್ಲ. ‘ಗೃಹಿಣಿ’ ಎಂದು ಬರೆದು ಮುಂದೆ ಹೋಗುತ್ತೇವೆ.

ಗೊಂಡರ ಕಡೆಗೆ ಬಂದರೆ ತಪ್ಪು ಬೇರೆ ಬಗೆಯದು. ಅವರ ಸಂಪತ್ತು ನಾಲ್ಕು ಕಾಲಿನ ಮೇಲೆ ನಿಂತಿರುತ್ತದೆ. ನಮ್ಮ ಪ್ರಶ್ನಾವಳಿಯು ಎಕರೆ ಗುಂಟೆಗಳನ್ನು ಮಾತ್ರ ಬಲ್ಲುದು. ಎಂಬತ್ತು ಕುರಿಗಳ ಒಡೆಯನು ಅದರಲ್ಲಿ ‘ಭೂರಹಿತ’. ಹಾಗೆಂದು ಅವನನ್ನು ಸಿರಿವಂತನೆನ್ನಲೂ ಆಗದು. ನೀಲಿ ನಾಲಿಗೆಯ ರೋಗ ತಗಲಿದರೆ ಕೆಲವೇ ದಿನಗಳಲ್ಲಿ ಹಿಂಡು ಕರಗಿಹೋಗಬಹುದು. ದಖ್ಖನಿ ಕುರಿಯ ಒರಟು ಉಣ್ಣೆಗೆ ಬೆಲೆ ಬಿದ್ದುಹೋಗಿ, ಕಂಬಳಿ ನೇಯುವ ಮಗ್ಗಗಳು ಮೂಲೆಗೆ ಸರಿದಿವೆ. ಈಗ ಅವನ ಜೀವನ ಮಾಂಸದ ಬೆಲೆಯನ್ನು ನಂಬಿದೆ. ಗಾಯರಾಣ ಕುಗ್ಗಿದಷ್ಟೂ ಅವನ ನಡಿಗೆ ಉದ್ದವಾಗುತ್ತದೆ. ಆದರೆ ಹಿಂಡಿನೊಡನೆ ಹೊರಡುವವರು ಬಹುಮಟ್ಟಿಗೆ ಗಂಡಸರು. ಮನೆ ಊರಿನಲ್ಲಿಯೇ ಉಳಿಯುತ್ತದೆ. ಮಗು ಶಾಲೆಗೆ ಹೋಗುತ್ತದೆ. ಎರಡು ಜನಾಂಗಗಳ ಮಕ್ಕಳ ಓದಿನಲ್ಲಿ ಅಂತರ ಕಂಡುಬಂದರೆ ಅದರ ಕಾರಣವನ್ನು ನಾನು ಮೊದಲು ಇಲ್ಲಿ ಹುಡುಕುವೆನು. ‘ಅವರಲ್ಲಿ ವಿದ್ಯಾಭಿಮಾನ ಕಡಮೆ’ ಎಂಬ ಸುಲಭವಾದ ವಾಕ್ಯದಲ್ಲಿ ಅಲ್ಲ.

ಜನಾಂಗದ ಸ್ವಭಾವದಿಂದಲೇ ಸ್ಥಿತಿ ಹುಟ್ಟುತ್ತದೆಂದು ಇನ್ನೂ ನಂಬುವವರು ಆದಿಲಾಬಾದಿನ ಕಡೆಗೆ ಒಮ್ಮೆ ನೋಡಬೇಕು. ಅದೂ 1956ರವರೆಗೆ ನಮ್ಮೊಡನೆ ಹೈದರಾಬಾದ ರಾಜ್ಯದಲ್ಲಿಯೇ ಇದ್ದ ಜಿಲ್ಲೆ. ಅಲ್ಲಿಯೂ ಗೊಂಡರು, ಲಂಬಾಣಿಗರು ಎಂಬ ಇವೇ ಎರಡು ಹೆಸರುಗಳಿವೆ. ಆದರೆ ಪಾತ್ರಗಳು ಅದಲುಬದಲು. ಅಲ್ಲಿ ಗೊಂಡಿಯನ್ನಾಡುವ ರಾಜಗೊಂಡರು ಕಾಡಿನ ನೆಲದ ಹಳೆಯ ನಿವಾಸಿಗಳು. ಲಂಬಾಣಿಗರು ವ್ಯವಹಾರದಲ್ಲಿ ಪಳಗಿ ಹೊರಗಿನಿಂದ ಬಂದು ನೆಲಸಿದವರು. ಗೊಂಡರ ಭೂಮಿ ಕೈಬಿಡುತ್ತಿರುವುದನ್ನು ಕಂಡ ಮಾನವಶಾಸ್ತ್ರಜ್ಞ ಹೈಮೆಂಡಾರ್ಫರು ನಿಜಾಮ ಸರಕಾರದ ನೆರವಿನಿಂದ 1943ರಲ್ಲಿ ಮರ್ಲವಾಯಿ ಎಂಬ ಹಳ್ಳಿಯಲ್ಲಿ ಗೊಂಡ ಉಪಾಧ್ಯಾಯರ ತರಬೇತಿಯನ್ನು ಆರಂಭಿಸಿ, ಗೊಂಡಿ ಭಾಷೆಯಲ್ಲಿಯೇ ಪಾಠಪುಸ್ತಕಗಳನ್ನು ಮಾಡಿಸಿದರು. 1976ರ ಶಾಸನದಿಂದ ಅಲ್ಲಿಯ ಲಂಬಾಣಿಗರೂ ಪರಿಶಿಷ್ಟ ಪಂಗಡಕ್ಕೆ ಸೇರಿದ ಮೇಲೆ ಮಹಾರಾಷ್ಟ್ರದ ಕಡೆಯಿಂದ ಇನ್ನಷ್ಟು ಮಂದಿ ಬಂದರೆಂದು ಅವರೇ 1982ರ ತಮ್ಮ ಗ್ರಂಥದಲ್ಲಿ ಬರೆದಿದ್ದಾರೆ. 2017ರಲ್ಲಿ ಈ ಎರಡು ಪಂಗಡಗಳ ನಡುವೆ ಘರ್ಷಣೆಯೇ ನಡೆಯಿತು. ಹಾಗಾದರೆ ‘ಲಂಬಾಣಿಗ’ ಎಂಬ ಶಬ್ದದ ಎದುರಿಗೆ ‘ಹಿಂದು’ ಎಂದು ಬರೆಯಬೇಕೋ ‘ಮುಂದು’ ಎಂದು ಬರೆಯಬೇಕೋ? ಹುಮನಾಬಾದಿನ ಉತ್ತರ ಆದಿಲಾಬಾದಿಗೆ ಸಲ್ಲದು.

ಇದು ಬರಿಯ ವಿದ್ವತ್ತಿನ ಜಗಳವಲ್ಲ. ಯಾರಿಗೆ ವಿದ್ಯಾರ್ಥಿನಿಲಯ, ಯಾರಿಗೆ ಕೊಳವೆಬಾವಿ, ಯಾರಿಗೆ ಎಷ್ಟು ಪಾಲು ಎಂಬ ನಿರ್ಣಯಗಳು ಇಂಥ ಕೋಷ್ಟಕಗಳ ಆಧಾರದ ಮೇಲೆಯೇ ನಡೆಯುತ್ತವೆ. ‘ಮುಂದು’ ಎಂದು ಬರೆಸಿಕೊಂಡವರು ಕಳೆದುಕೊಳ್ಳುತ್ತಾರೆ. ‘ಹಿಂದು’ ಎಂದು ಬರೆಸಿಕೊಂಡವರು ಆ ಹಣೆಪಟ್ಟಿಯನ್ನು ಶಾಲೆಯ ಬೆಂಚಿನವರೆಗೂ ಹೊರುತ್ತಾರೆ.

ಆದುದರಿಂದ ಈ ಎರಡು ತಾಲ್ಲೂಕುಗಳ ವಿದ್ಯಾರ್ಥಿಗಳಿಗೆ ನನ್ನ ಸೂಚನೆ ಸರಳವಾದುದು. ಕಡಮೆ ಊರುಗಳನ್ನು ಆರಿಸಿಕೊಳ್ಳಿ, ಆದರೆ ಪ್ರತಿಯೊಂದಕ್ಕೂ ಎರಡು ಸಲ ಹೋಗಿ: ಶ್ರಾವಣದಲ್ಲೊಮ್ಮೆ, ಪುಷ್ಯದಲ್ಲೊಮ್ಮೆ. ಜಾತಿಯ ಹೆಸರಿನ ಪಕ್ಕದಲ್ಲಿಯೇ, ಮನೆಯಿಂದ ಕುಡಿಯುವ ನೀರಿಗೂ ಪ್ರೌಢಶಾಲೆಗೂ ಎಷ್ಟು ದೂರವೆಂಬುದನ್ನು ಅಳೆದು ಬರೆಯಿರಿ. ಮನೆಯ ಜಾಗಕ್ಕೆ ಹಕ್ಕುಪತ್ರ ಯಾರ ಹೆಸರಿನಲ್ಲಿದೆ, ವರ್ಷದಲ್ಲಿ ಎಷ್ಟು ತಿಂಗಳು ಬಾಗಿಲು ತೆರೆದಿರುತ್ತದೆ, ಕುರಿ ಎಷ್ಟು, ಹೆಂಗಸಿನ ಕೂಲಿ ಎಷ್ಟು ಎಂದು ಬೇರೆಬೇರೆಯಾಗಿ ಕೇಳಿ. ಪುಷ್ಯದಲ್ಲಿ ತಾಂಡಾಕ್ಕೆ ಹೋದಾಗ ಬೀಗ ಹಾಕಿದ ಮನೆಗಳನ್ನು ಸುಮ್ಮನೆ ದಾಟಿಹೋಗದೆ, ಎಷ್ಟು ಬೀಗಗಳಿದ್ದುವೆಂಬುದನ್ನೂ ಎಣಿಸಿಕೊಂಡು ಬನ್ನಿ.