ಇನ್ನೊಂದು ಇಪ್ಪತ್ತು ಮೀಟರ್ ಎಲ್ಲಿಂದ ಬರುತ್ತೆ?

ಶುಕ್ರವಾರ ರಾತ್ರಿ ಬೆಂಗಳೂರಲ್ಲಿ ಬಸ್ ಹತ್ತಿ, ಶನಿವಾರ ಬೆಳಗ್ಗೆ ಮಲ್ಪೆಯಲ್ಲೋ ಸಸಿಹಿತ್ಲುವಿನಲ್ಲೋ ರಾಡ್ ಹಿಡಿದು ನಿಲ್ಲುವ ಐಟಿ ಮಂದಿ ಈಗ ಕಡಿಮೆ ಏನಿಲ್ಲ. ಅವರಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ: ‘ಇನ್ನೂ ಸ್ವಲ್ಪ ದೂರ ಎಸೆಯೋದು ಹೇಗೆ?’ ಪ್ರಶ್ನೆ ಮುಗಿಯೋ ಮುಂಚೆನೇ ಪಕ್ಕದವರ ಉತ್ತರ ರೆಡಿ: ‘ಜೋರಾಗಿ ಬೀಸಿ ಸಾರ್!’

ಈ ಸಲಹೆಯಿಂದ ದೂರ ಅಷ್ಟೇನೂ ಹೆಚ್ಚಲ್ಲ, ಭುಜ ಮಾತ್ರ ಎರಡು ದಿನ ನೋಯುತ್ತೆ. ಜೊತೆಗೆ ಇದರಲ್ಲಿ ಒಂದು ಅಪಾಯವೂ ಇದೆ, ಅದನ್ನ ಮುಂದೆ ಹೇಳ್ತೀನಿ. ಇವತ್ತಿನ ಮಾತು ಇಷ್ಟೇ: ನೀವು ಹುಡುಕ್ತಿರೋ ಆ 20 ಮೀಟರ್ ತೋಳಿನಲ್ಲಿಲ್ಲ, ನಿಮ್ಮ ತಂಗೂಸು, ಸೀಸ ಮತ್ತು ಬೀಸುವ ಲಯದಲ್ಲಿದೆ.

ಮೊದಲು ಅಳೆಯಿರಿ

ಈಗ ಎಷ್ಟು ದೂರ ಹೋಗ್ತಿದೆ ಅಂತ ಗೊತ್ತಿಲ್ಲದೆ ಸುಧಾರಿಸೋಕೆ ಆಗಲ್ಲ. ನಾವು ಆಫೀಸಲ್ಲಿ ದಿನಾ ಮಾಡೋದೂ ಇದನ್ನೇ ಅಲ್ವಾ? ಸಮುದ್ರದ ಮೇಲೆ ಕಣ್ಣಳತೆ ನಂಬಬೇಡಿ, 50 ಮೀಟರ್ ಎಸೆದವರಿಗೆ ಅದು 100 ಅನ್ನಿಸುತ್ತೆ.

ಸುಲಭದ ದಾರಿ ಎರಡಿವೆ. ನಿಮ್ಮ ರೀಲಿನ ಹಿಡಿಕೆಯನ್ನ ಒಂದು ಸುತ್ತು ತಿರುಗಿಸಿದರೆ ಎಷ್ಟು ತಂಗೂಸು ಒಳಗೆ ಬರುತ್ತೆ ಅನ್ನೋದು ಅದರ ಡಬ್ಬಿ ಮೇಲೆ ಇರುತ್ತೆ. ಅದು 85 ಸೆಂ.ಮೀ. ಇದ್ದು, ವಾಪಸ್ ಸುತ್ತೋಕೆ 60 ಸುತ್ತು ಬೇಕಾದರೆ ನಿಮ್ಮ ಎಸೆತ 51 ಮೀಟರ್. ಇನ್ನೊಂದು ದಾರಿ, ಪ್ರತಿ 10 ಮೀಟರ್‌ಗೆ ಬಣ್ಣ ಬದಲಾಗುವ ಹೆಣೆದ ದಾರ, ಅಂದ್ರೆ ಬ್ರೇಡ್. ಬಣ್ಣ ಎಣಿಸಿದರೆ ಸಾಕು.

ಅಳತೆ ಸಿಕ್ಕ ಮೇಲೆ ಒಂದು ಸಲಕ್ಕೆ ಒಂದನ್ನ ಮಾತ್ರ ಬದಲಾಯಿಸಿ. ರಾಡ್, ರೀಲ್, ಸೀಸ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಲಾಭ ಆಯ್ತು ಅಂತ ಕೊನೆಗೂ ಗೊತ್ತಾಗಲ್ಲ.

ತಂಗೂಸು ಸಣ್ಣ, ಸ್ಪೂಲ್ ತುಂಬ

ಸೀಸ ಹಾರುವಾಗ ಅದರ ಹಿಂದೆ ಅಷ್ಟುದ್ದ ತಂಗೂಸೂ ಗಾಳಿಯಲ್ಲಿ ಎಳೆದುಕೊಂಡು ಹೋಗಬೇಕು. ಅದು ದಪ್ಪ ಇದ್ದಷ್ಟೂ ಗಾಳಿ ಹಿಡಿದು ಎಳೆಯುತ್ತೆ. ತೂಕದ ಲೆಕ್ಕ ನೋಡಿ: 0.35 ಮಿ.ಮೀ. ತಂಗೂಸು, 0.28 ಮಿ.ಮೀ. ತಂಗೂಸಿಗಿಂತ ಒಂದೂವರೆ ಪಟ್ಟಿಗೂ ಜಾಸ್ತಿ ಭಾರ. ಖರ್ಚು ಕಡಿಮೆ, ಫಲ ಜಾಸ್ತಿ ಅನ್ನೋ ಬದಲಾವಣೆ ಇದೇ.

ಎರಡನೆಯದು ಸ್ಪೂಲ್. ತಂಗೂಸು ಅದರ ಅಂಚಿಗಿಂತ 1–2 ಮಿ.ಮೀ. ಕೆಳಗಿನವರೆಗೆ ತುಂಬಿರಬೇಕು. ಅರ್ಧ ಖಾಲಿ ಇದ್ದರೆ ಹೊರಬರುವ ಪ್ರತಿ ಸುತ್ತೂ ಅಂಚಿಗೆ ಉಜ್ಜಿಕೊಂಡು ಬರುತ್ತೆ, ಎಸೆತಕ್ಕೆ ಬ್ರೇಕ್ ಹಾಕಿದ ಹಾಗೆ. ಹಾಗಂತ ಅಂಚು ಮೀರಿ ತುಂಬಿದರೆ ಒಂದೇ ಸಲ ಕಟ್ಟುಕಟ್ಟಾಗಿ ಹೊರಬಂದು ಗೋಜಲಾಗುತ್ತೆ.

ಸೀಸ ಮತ್ತು ಬೈಟ್

ರಾಡಿನ ಬುಡದ ಹತ್ತಿರ ಅದು ಎಷ್ಟು ಗ್ರಾಂ ಭಾರಕ್ಕೆ ತಯಾರಾಗಿದೆ ಅಂತ ಬರೆದಿರುತ್ತೆ. 100–150 ಗ್ರಾಂ ಅಂತ ಬರೆದ ರಾಡಿಗೆ 50 ಗ್ರಾಂ ಸೀಸ ಕಟ್ಟಿದರೆ ರಾಡ್ ಬಾಗಲ್ಲ. ಬಾಗದಿದ್ರೆ ಅದು ಬರೀ ಉದ್ದನೆ ಕೋಲು. ಬಿಲ್ಲು ಬಗ್ಗಿದಷ್ಟೇ ಬಾಣ ಹಾರೋದು. ಸಾಮಾನ್ಯವಾಗಿ ಬರೆದಿರುವ ಎರಡು ಅಂಕಿಗಳ ನಡುವಿನ ತೂಕ ಒಳ್ಳೆಯದು.

ಇನ್ನು ಬೈಟ್. ಅರ್ಧ ಬೂತಾಯಿ, ದೊಡ್ಡ ಸಿಗಡಿ ಗಾಳಕ್ಕೆ ನೇತಾಡ್ತಾ ಹೋದರೆ ಅದು ಪ್ಯಾರಾಚೂಟ್ ಆಗುತ್ತೆ. ಬೈಟ್ ಉದ್ದಕ್ಕೆ, ತೆಳ್ಳಗೆ ಇರಲಿ. ಬೈಟ್ ಕಟ್ಟುವ ಸಣ್ಣ ಎಲಾಸ್ಟಿಕ್ ದಾರದಿಂದ ಬಿಗಿಯಾಗಿ ಸುತ್ತಿ. ಬೊಂಡಾಸ್ ಪಟ್ಟಿ ಗಟ್ಟಿ, ಬೀಸುವಾಗ ಕಳಚಿಕೊಳ್ಳಲ್ಲ. ಗಾಳವನ್ನ ಸೀಸದ ಹಿಂದೆಯೇ ಹಿಡಿದಿಟ್ಟು, ನೀರಿಗೆ ಬಿದ್ದಾಗ ಬಿಡುವ ಬೈಟ್ ಕ್ಲಿಪ್ ಹಾಕಿದರೆ ವ್ಯತ್ಯಾಸ ಬಣ್ಣ ಎಣಿಸುವಾಗಲೇ ಕಾಣುತ್ತೆ.

ನಿಧಾನಕ್ಕೆ ಶುರು, ಕೊನೆಯಲ್ಲಿ ವೇಗ

ಗಾಳಿಯ ತಡೆ ಲೆಕ್ಕಕ್ಕೆ ಹಿಡಿಯದಿದ್ದರೆ, ಸೀಸ ಹೊರಡುವ ವೇಗ ಶೇ. 10ರಷ್ಟು ಹೆಚ್ಚಾದಾಗ ದೂರ ಶೇ. 21ರಷ್ಟು ಹೆಚ್ಚುತ್ತೆ. ಪಿಯುಸಿ ಫಿಸಿಕ್ಸ್ ನೆನಪಿದ್ದವರಿಗೆ ಇದು ಗೊತ್ತು. ಆದರೆ ಆ ವೇಗ ಬೇಕಿರೋದು ಕೈ ಬಿಡುವ ಕ್ಷಣದಲ್ಲಿ. ಶುರುವಿನಲ್ಲೇ ಜೋರಾಗಿ ಎಳೆದರೆ ರಾಡ್ ಬೇಗ ಬಾಗಿ, ಕೊನೆಗೆ ಕೊಡೋಕೆ ಏನೂ ಉಳಿಯಲ್ಲ.

ಬಲಗೈಯವರಾದರೆ ಹೀಗೆ ಮಾಡಿ. ಎಡಭುಜ ಸಮುದ್ರದ ಕಡೆ, ಭಾರ ಬಲಗಾಲಿನ ಮೇಲೆ. ಬಲಗೈ ರೀಲಿನ ಹತ್ತಿರ, ಎಡಗೈ ರಾಡಿನ ಬುಡದಲ್ಲಿ. ರಾಡಿನ ತುದಿಯಿಂದ ಸೀಸ ಒಂದು ಮೀಟರಿಗೂ ಸ್ವಲ್ಪ ಜಾಸ್ತಿ ಇಳಿದಿರಲಿ, ತುದಿಗೆ ಅಂಟಿಕೊಂಡಂತಿದ್ದರೆ ಅದು ತಿರುಗುವ ವೃತ್ತ ಚಿಕ್ಕದಾಗಿ ವೇಗ ಕಡಿಮೆಯಾಗುತ್ತೆ. ಅಲೆಯನ್ನ ನೋಡಬೇಡಿ, ಅದರ ಮೇಲೆ ಆಕಾಶದಲ್ಲಿ ಒಂದು ಜಾಗ ನೋಡಿ. ನಿಧಾನಕ್ಕೆ ಶುರು ಮಾಡಿ ಭಾರವನ್ನ ಎಡಗಾಲಿಗೆ ತನ್ನಿ. ರಾಡ್ ತಲೆಯ ಹತ್ತಿರ ಬಂದಾಗ ಬಲಗೈ ಮುಂದಕ್ಕೆ ತಳ್ಳಬೇಕು, ಎಡಗೈ ಪಕ್ಕೆಲುಬಿನ ಕಡೆಗೆ ಜೋರಾಗಿ ಎಳೀಬೇಕು. ಹೆಚ್ಚಿನವರು ಮರೆಯೋದು ಈ ಎಡಗೈಯನ್ನ.

ಸೀಸ ನೆತ್ತಿಯ ಮೇಲೆ ಹೋಗಿ ಹತ್ತಿರ ಬಿದ್ದರೆ ಬೇಗ ಬಿಟ್ಟಿದ್ದೀರಿ, ಮುಂದೆನೇ ನೀರಿಗೆ ಬಡಿದರೆ ತಡವಾಗಿ ಬಿಟ್ಟಿದ್ದೀರಿ. ಜನ ಇಲ್ಲದ ಬಯಲಲ್ಲಿ ಗಾಳ ಕಟ್ಟದೆ, ಬರೀ ಸೀಸ ಹಾಕಿ 30 ಸಲ ಎಸೆದು ನೋಡಿ. ಬೀಚಲ್ಲಿ ಇಡೀ ದಿನ ಕಳೆದು ಕಲಿಯೋದನ್ನ ಅಲ್ಲಿ ಒಂದು ಗಂಟೆಯಲ್ಲಿ ಕಲೀಬಹುದು.

ಇಲ್ಲಿ ತಮಾಷೆ ಬೇಡ

ಈಗ ಆ ಅಪಾಯದ ವಿಷಯ. 100 ಮೀಟರ್ ಹೋಗಬೇಕಾದರೆ ಸೀಸ ಗಂಟೆಗೆ ಕನಿಷ್ಠ 110 ಕಿ.ಮೀ. ವೇಗದಲ್ಲಿ ಹೊರಡಬೇಕು. ಗಾಳಿಯ ತಡೆ ಸೇರಿಸಿದರೆ ಇನ್ನೂ ಜಾಸ್ತಿ. ಅಂದ್ರೆ ವೇಗದ ಬೌಲರ್ ಎಸೆದ ಚೆಂಡಿನಂತೆ ಬರುವ ಲೋಹದ ಗುಂಡು, ಎದುರಿಗಿರುವವರಿಗೆ ಹೆಲ್ಮೆಟ್ ಇಲ್ಲ. ಬೀಸುವ ರಭಸಕ್ಕೆ ತಂಗೂಸು ತುಂಡಾದರೆ ಆ ಗುಂಡು ಯಾವ ಕಡೆ ಹೋಗುತ್ತೆ ಅಂತ ಹೇಳೋಕಾಗಲ್ಲ. ಭಾನುವಾರದ ಬೀಚ್ ಹೇಗಿರುತ್ತೆ ಅಂತ ನಿಮಗೇ ಗೊತ್ತು: ಮಕ್ಕಳು, ಕಬಡ್ಡಿ, ಚುರುಮುರಿಯವರು.

ಅದಕ್ಕೇ ಶಾಕ್ ಲೀಡರ್. ಸಣ್ಣ ತಂಗೂಸಿನ ತುದಿಗೆ ಕಟ್ಟುವ ದಪ್ಪ ತಂಗೂಸು ಇದು, ಬೀಸುವ ಒತ್ತಡವನ್ನೆಲ್ಲ ಇದೇ ತಾಳಿಕೊಳ್ಳುತ್ತೆ. ಗಾಳ ಹಾಕುವವರು ಪಾಲಿಸುವ ಸರಳ ಲೆಕ್ಕ: ಪ್ರತಿ ಔನ್ಸ್ ಸೀಸಕ್ಕೆ 10 ಪೌಂಡ್. 100 ಗ್ರಾಂ ಅಂದ್ರೆ ಸುಮಾರು 3.5 ಔನ್ಸ್, ಹಾಗಾಗಿ 40 ಪೌಂಡಿಗಿಂತ ಕಡಿಮೆ ಬೇಡ, 50 ಇದ್ದರೆ ಇನ್ನೂ ನೆಮ್ಮದಿ. ಸೀಸ ಇಳಿಬಿಟ್ಟ ಮೇಲೂ ಸ್ಪೂಲಿನ ಮೇಲೆ ಐದಾರು ಸುತ್ತು ಉಳಿಯುವಷ್ಟು ಉದ್ದ ಇರಲಿ. 12 ಅಡಿ ರಾಡಿಗೆ 7–8 ಮೀಟರ್ ಸಾಕು. ಗಂಟನ್ನ ಪ್ರತಿ ಸಲ ಬೆರಳಲ್ಲಿ ಮುಟ್ಟಿ ನೋಡಿ, ಸವೆದಿದ್ದರೆ ಮತ್ತೆ ಕಟ್ಟಿ. ಬ್ರೇಡ್ ಬಳಸೋರು ತೋರುಬೆರಳಿಗೆ ಕವಚ ಹಾಕಲೇಬೇಕು, ಅದು ಚರ್ಮವನ್ನ ಚಾಕುವಿನ ಹಾಗೆ ಸೀಳುತ್ತೆ.

ಬೀಸೋ ಮುಂಚೆ ಹಿಂದೆ ತಿರುಗಿ ನೋಡಿ. ಮರವಂತೆಯಂಥ ಕಡೆ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ, ಮಧ್ಯೆ ರಾಷ್ಟ್ರೀಯ ಹೆದ್ದಾರಿ 66. ಅಲ್ಲಿ ನಿಮ್ಮ ಬೆನ್ನ ಹಿಂದೆಯೇ ವಾಹನ ಓಡ್ತಿರುತ್ತೆ. ಐದು ಮೀಟರ್ ಜಾಸ್ತಿ ಸಿಗಲಿ ಅಂತ ಸೊಂಟದವರೆಗಿನ ನೀರಿಗೆ ಇಳಿಯೋದೂ ಬೇಡ. ನಮ್ಮ ಕಡಲಿನ ಸೆಳೆತಕ್ಕೆ ಈಜು ಬಲ್ಲವರೂ ಸಿಕ್ಕಿಬಿದ್ದಿದ್ದಾರೆ.

ಅಷ್ಟು ದೂರ ಯಾಕೆ ಬೇಕು?

ಬ್ರಿಟನ್ನಿನ ಸ್ಪರ್ಧೆಗಳಲ್ಲಿ ಬೈಟ್ ಇಲ್ಲದೆ, ಬರೀ ಸೀಸವನ್ನ 250 ಮೀಟರ್ ದಾಟಿಸುವವರಿದ್ದಾರೆ. ಅದು ಬೇರೆಯದೇ ಆಟ. ಮೀನು ಬೇಕು ಅನ್ನೋರು ಮೊದಲು ನೀರನ್ನ ಓದಬೇಕು.

ಅಲೆ ಬೆಳ್ಳಗೆ ಒಡೆಯುವ ಕಡೆ ಕೆಳಗೆ ಮರಳ ದಿಬ್ಬ ಇರುತ್ತೆ. ಆ ದಿಬ್ಬಕ್ಕೂ ದಡಕ್ಕೂ ನಡುವೆ ನೀರು ಕಡು ಬಣ್ಣದಲ್ಲಿ, ಅಲೆ ಒಡೆಯದೆ ಕಾಣೋದು ಆಳದ ಕಾಲುವೆ. ಏರುವ ನೀರಲ್ಲಿ ಮೀನು ಮೇಯೋಕೆ ಬರೋದು ಇಲ್ಲಿಗೇ, ಕೆಲವು ಕಡೆ ಇದು 30 ಮೀಟರ್ ದೂರದಲ್ಲೇ ಇರುತ್ತೆ. ಕಾಣೆ ಮೀನಂತೂ ದಡದ ಮರಳಿಗೆ ಇನ್ನೂ ಹತ್ತಿರ. ನೀವು 80 ಮೀಟರ್ ಎಸೆದು, ಮೀನನ್ನ ದಾಟಿಸಿ ಕೂತಿರ್ತೀರಿ!

ಇದು ಹೊಸ ವಿಷಯವೇನಲ್ಲ. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬರೋ ಮುಂಚೆ ನಮ್ಮ ಕರಾವಳಿಯ ಬಂಗುಡೆ, ಬೂತಾಯಿಯ ಬಹುಪಾಲು ದಡಕ್ಕೆ ಎಳೆಯುವ ರಂಪಣಿ ಬಲೆಗೇ ಬೀಳ್ತಿತ್ತು. ಈಗಲೂ ಅಲ್ಲಲ್ಲಿ ಕೈರಂಪಣಿ ಎಳೆಯುವವರು ಸಿಗ್ತಾರೆ. ಅವರು ಬಲೆ ಬಿಟ್ಟ ಕಡೆ ಗಾಳ ಎಸೆಯಬೇಡಿ, ಅದು ಅವರ ಹೊಟ್ಟೆಪಾಡು. ಎಳೆದು ಮುಗಿದ ಮೇಲೆ ಹೋಗಿ ‘ಅಣ್ಣ, ಇವತ್ತು ಮೀನು ಎಲ್ಲಿದೆ?’ ಅಂತ ಕೇಳಿ. ಯಾವ ಆ್ಯಪಿನಲ್ಲೂ ಇಲ್ಲದ ಮಾಹಿತಿ ಸಿಗುತ್ತೆ.

ಮಳೆಗಾಲ ಮುಗಿದ ಮೇಲಿನ ದಿನಗಳಲ್ಲಿ ಬೆಳಗಿನ ಹೊತ್ತು ಗಾಳಿ ಸಾಮಾನ್ಯವಾಗಿ ನೆಲದಿಂದ ಕಡಲಿನ ಕಡೆ ಬೀಸುತ್ತೆ, ಮಧ್ಯಾಹ್ನದ ಹೊತ್ತಿಗೆ ತಿರುಗುತ್ತೆ. ಬೆನ್ನಿಗೆ ಗಾಳಿ ಇದ್ದಾಗ ಎಸೆದರೆ ಒಂದಷ್ಟು ಮೀಟರ್ ಪುಕ್ಕಟೆ. ಹಾಗಾಗಿ ಮುಂದಿನ ಶನಿವಾರ ಬಸ್ಸಿಳಿದವರು ರೂಮಿಗೆ ಹೋಗಿ ಮಲಗಬೇಡಿ. ಸೂರ್ಯ ಹುಟ್ಟೋ ಹೊತ್ತಿಗೆ ಮರಳಿನ ಮೇಲಿರಿ. ರಾಡ್ ಬಿಚ್ಚೋ ಮುಂಚೆ ಒಂದು ಚಾ ಕುಡಿಯೋವಷ್ಟು ಹೊತ್ತು ಸುಮ್ಮನೆ ಅಲೆ ನೋಡಿ. ಕಡು ಬಣ್ಣದ ನೀರು ಎಲ್ಲಿದೆಯೋ, ಮೊದಲ ಎಸೆತ ಅಲ್ಲಿಗೇ.