ನಾಲ್ಕು ಸಿಲಿಂಡರ್ ಸಾಕೇ, ಆರು ಬೇಕೇ? ಐಷಾರಾಮಿ ಕಾರಿನ ಬೋನೆಟ್ ಕೆಳಗಿನ ಲೆಕ್ಕ

ಕಳೆದ ತಿಂಗಳು ಒಂದು ಸಂಜೆ ಪರಿಚಯದ ಹುಡುಗನೊಬ್ಬ ನನ್ನ ಅಂಗಡಿಗೆ ಬಂದ. ದುಬೈಯಲ್ಲಿ ಆರು ವರ್ಷ ದುಡಿದು ರಜೆಯಲ್ಲಿ ಊರಿಗೆ ಬಂದವ. ಕೌಂಟರಿನ ಮೇಲೆ ಮೊಬೈಲ್ ಇಟ್ಟು ಒಂದು ಕಾರಿನ ಫೋಟೋ ತೋರಿಸಿದ.

"ಕಾಕ, ಇದು ನೋಡಿ. ಜರ್ಮನ್ ಕಾರು, ಹತ್ತು ವರ್ಷ ಹಳೆಯದು. ಮೂರು ಲೀಟರ್, ಆರು ಸಿಲಿಂಡರ್. ಹೊಸ ಸಣ್ಣ ಕಾರಿನ ರೇಟಿಗೆ ಸಿಗ್ತದೆ. ಇದೇ ಕಂಪೆನಿಯ ನಾಲ್ಕು ಸಿಲಿಂಡರಿನದ್ದೂ ಒಂದು ಉಂಟು. ಆದ್ರೆ ನಾಲ್ಕು ಸಿಲಿಂಡರ್ ನಮ್ಮ ಮನೆಯ ಮಾರುತಿಯಲ್ಲೂ ಉಂಟಲ್ವಾ?"

ಮಾತಿನಲ್ಲಿ ತಮಾಷೆ ಇದ್ದರೂ ಪ್ರಶ್ನೆ ಸಣ್ಣದಲ್ಲ. ಅವನ ಕೈಯಲ್ಲಿದ್ದದ್ದು ಆರು ವರ್ಷದ ಉಳಿತಾಯ. ಕಾಸರಗೋಡು, ಮಂಜೇಶ್ವರ, ಉಪ್ಪಳದ ಕಡೆ ಇಂಥ ಲೆಕ್ಕ ಹಾಕುವ ಯುವಕರು ಈಗ ಕಡಿಮೆಯೇನಿಲ್ಲ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಗಿ ದೊಡ್ಡ ಕಾರುಗಳ ತೆರಿಗೆ ಇಳಿದ ಮೇಲೆ ಶೋರೂಮಿನವರ ವಾಟ್ಸ್ಆ್ಯಪ್ ಸಂದೇಶಗಳೂ ಜೋರಾಗಿವೆ. ನಾನು ಎಂಜಿನಿಯರ್ ಅಲ್ಲ, ಬಿ.ಕಾಂ. ಓದಿ ವ್ಯಾಪಾರಕ್ಕೆ ಇಳಿದವನು. ಆದರೆ ಈ ನಾಲ್ಕು–ಆರರ ಜಗಳದಲ್ಲಿ ಎಂಜಿನಿಯರಿಂಗ್‌ನಷ್ಟೇ ಪಾಲು ತೆರಿಗೆ ಪಟ್ಟಿಗೂ ಇದೆ.

ಆರು ಸಿಲಿಂಡರಿನ ನಿಜವಾದ ಗುಣ

ಮೊದಲು ಆರರ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡೋಣ. ಅದು ಬರೇ ಶೋಕಿ ಅಲ್ಲ.

ಪ್ರತಿ ಸಿಲಿಂಡರ್ ಗಾಳಿ ಎಳೆದು, ಒತ್ತಿ, ಇಂಧನ ಉರಿಸಿ, ಹೊಗೆ ಹೊರಹಾಕಿ ಮುಗಿಸುವಷ್ಟರಲ್ಲಿ ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು, ಅಂದರೆ 720 ಡಿಗ್ರಿ ತಿರುಗಿರುತ್ತದೆ. ನಾಲ್ಕು ಸಿಲಿಂಡರ್ ಇದ್ದರೆ 180 ಡಿಗ್ರಿಗೊಮ್ಮೆ ಒಂದು ತಳ್ಳು. ಆರು ಇದ್ದರೆ 120 ಡಿಗ್ರಿಗೊಮ್ಮೆ. ಆರರಲ್ಲಿ ಒಂದು ಸಿಲಿಂಡರಿನ ತಳ್ಳು ಮುಗಿಯುವ ಮೊದಲೇ ಇನ್ನೊಂದರದ್ದು ಶುರುವಾಗುತ್ತದೆ. ನಾಲ್ಕರಲ್ಲಿ ಒಂದು ಮುಗಿದಾಗಲೇ ಮುಂದಿನದು.

ಎರಡನೆಯದು ನಡುಕ. ನಾಲ್ಕು ಸಿಲಿಂಡರಿನಲ್ಲಿ ಎರಡು ಪಿಸ್ಟನ್ ಮೇಲೆ ಹೋಗುವಾಗ ಎರಡು ಕೆಳಗೆ ಬರುತ್ತವೆ. ನೋಡಲಿಕ್ಕೆ ತಕ್ಕಡಿ ಸರಿ ಇದ್ದ ಹಾಗೆ. ಆದರೆ ಮೇಲಿನ ಅರ್ಧದಲ್ಲಿ ಪಿಸ್ಟನ್ನಿನ ವೇಗ, ಕೆಳಗಿನ ಅರ್ಧದಲ್ಲಿ ಅದರ ವೇಗ ಒಂದೇ ಅಲ್ಲ. ಆ ವ್ಯತ್ಯಾಸದಿಂದ ಎಂಜಿನ್ ತಿರುಗುವ ವೇಗದ ಎರಡು ಪಟ್ಟು ವೇಗದಲ್ಲಿ ಒಂದು ಅದಿರುವಿಕೆ ಉಳಿಯುತ್ತದೆ. ಅದನ್ನು ಅಡಗಿಸಲಿಕ್ಕೆ ಒಳಗೆ ಬ್ಯಾಲೆನ್ಸ್ ಶಾಫ್ಟ್ ಎಂಬ ಎರಡು ದಂಡಗಳನ್ನು ಹಾಕಿ ತಿರುಗಿಸುತ್ತಾರೆ. ಒಂದೇ ಸಾಲಿನ ಆರು ಸಿಲಿಂಡರಿನಲ್ಲಿ ಈ ತೊಂದರೆಯೇ ಇಲ್ಲ. ಒಂದರ ಅದಿರನ್ನು ಇನ್ನೊಂದು ತಿಂದುಹಾಕುತ್ತದೆ. ಆರು ಸಿಲಿಂಡರಿನ ಕಾರು ಓಡಿಸಿದವರು "ಬೆಣ್ಣೆಯ ಹಾಗೆ" ಅನ್ನುವುದು ಇದಕ್ಕೇ.

ಹಾಗಾದರೆ ಇಷ್ಟು ಒಳ್ಳೆಯದನ್ನು ಕಂಪೆನಿಗಳು ಕೈಬಿಟ್ಟದ್ದು ಯಾಕೆ?

1,998 ಸಿಸಿ ಎಂಬ ಬಾಟಾ ಬೆಲೆ

ಬಿಎಂಡಬ್ಲ್ಯು ಉದಾಹರಣೆ ತೆಗೆದುಕೊಳ್ಳಿ. ಅಮೆರಿಕದಲ್ಲಿ ಮಾರುತ್ತಿದ್ದ 328ಐ ಕಾರಿನಲ್ಲಿ ಮೊದಲು ಟರ್ಬೊ ಇಲ್ಲದ 3 ಲೀಟರಿನ ಆರು ಸಿಲಿಂಡರ್ ಎಂಜಿನ್ ಇತ್ತು, 230 ಅಶ್ವಶಕ್ತಿ. ಹೊಸ ತಲೆಮಾರಿನ ಕಾರು ಬಂದಾಗ, 2012ರಲ್ಲಿ, ಅದೇ ಹೆಸರಿನ ಕೆಳಗೆ 2 ಲೀಟರಿನ ನಾಲ್ಕು ಸಿಲಿಂಡರ್ ಟರ್ಬೊ ಬಂತು, 240 ಅಶ್ವಶಕ್ತಿ. ಎಳೆಯುವ ಬಲ, ಅಂದರೆ ಟಾರ್ಕ್, ಸುಮಾರು 270ರಿಂದ 350 ನ್ಯೂಟನ್ ಮೀಟರಿಗೆ ಏರಿತು. ಸಿಲಿಂಡರ್ ಎರಡು ಕಡಿಮೆ, ಶಕ್ತಿ ಹೆಚ್ಚು. ಹಿಂದಿನ ಡಿಕ್ಕಿಯ ಮೇಲಿನ ನಂಬರ್ ಮಾತ್ರ ಅದೇ.

ಈ ಬದಲಾವಣೆಗೆ ಕಾರಣ ಗ್ರಾಹಕರಿಗಿಂತ ಹೆಚ್ಚು ಸರಕಾರಗಳು. ಯುರೋಪಿಯನ್ ಒಕ್ಕೂಟವು ಹೊಸ ಕಾರುಗಳ ಸರಾಸರಿ ಇಂಗಾಲದ ಹೊಗೆಗೆ 2015ಕ್ಕೆ ಕಿ.ಮೀ.ಗೆ 130 ಗ್ರಾಂ, ಆಮೇಲೆ 2020–21ಕ್ಕೆ 95 ಗ್ರಾಂ ಎಂದು ಗುರಿ ಇಟ್ಟಿತು. ದಾಟಿದರೆ ಪ್ರತಿ ಗ್ರಾಂಗೆ 95 ಯುರೋ ದಂಡ, ಅದೂ ಮಾರಿದ ಪ್ರತಿ ಕಾರಿನ ಲೆಕ್ಕದಲ್ಲಿ. ಐಷಾರಾಮಿ ಕಾರುಗಳ ದೊಡ್ಡ ಮಾರುಕಟ್ಟೆಯಾದ ಚೀನಾದಲ್ಲಿ ಎಂಜಿನ್ ಗಾತ್ರ ನೋಡಿಯೇ ಬಳಕೆ ತೆರಿಗೆ: 1.5ರಿಂದ 2 ಲೀಟರಿಗೆ ಶೇ.5, 2.5ರಿಂದ 3 ಲೀಟರಿಗೆ ಶೇ.12, 3 ಲೀಟರ್ ದಾಟಿದರೆ ಒಮ್ಮೆಲೇ ಶೇ.25.

ಈಗ ಎಂಜಿನ್‌ಗಳ ಸಿಸಿ ನೋಡಿ. ಬಿಎಂಡಬ್ಲ್ಯು 1,998. ಆಡಿ 1,984. ಮರ್ಸಿಡಿಸ್ 1,999. ಬಿಎಂಡಬ್ಲ್ಯುವಿನ ಆರು ಸಿಲಿಂಡರ್ 2,998. ವ್ಯಾಪಾರಿಯಾದ ನನಗೆ ಇದು ಬಾಟಾ ಅಂಗಡಿಯ ಬೆಲೆಚೀಟಿಯಂತೆಯೇ ಕಾಣುತ್ತದೆ. ಎಂಜಿನ್ನಿನ ಗಾತ್ರವನ್ನು ತೆರಿಗೆಯ ಗೆರೆಯ ಇತ್ತ ಕಡೆ ನಿಲ್ಲಿಸಿದ್ದಾರೆ, ಅಷ್ಟೆ.

ಕಂಪೆನಿಗಳಿಗೆ ಇನ್ನೊಂದು ಲಾಭವೂ ಇದೆ. ಬಿಎಂಡಬ್ಲ್ಯು ಈಗ ಒಂದು ಸಿಲಿಂಡರಿಗೆ ಸುಮಾರು 500 ಸಿಸಿ ಎಂದು ಇಟ್ಟುಕೊಂಡು, ಮೂರು ಸೇರಿಸಿ 1.5 ಲೀಟರ್, ನಾಲ್ಕು ಸೇರಿಸಿ 2, ಆರು ಸೇರಿಸಿ 3 ಲೀಟರ್ ಎಂಜಿನ್ ಮಾಡುತ್ತದೆ. 1990ರ ದಶಕದ ಕೊನೆಯಲ್ಲಿ ಒಂದೇ ಸಾಲಿನ ಆರನ್ನು ಬಿಟ್ಟು ವಿ6 ಕಡೆ ಹೋಗಿದ್ದ ಮರ್ಸಿಡಿಸ್ 2017ರಲ್ಲಿ ಅದನ್ನೇ ವಾಪಸ್ ತಂದದ್ದಕ್ಕೂ ಇದೊಂದು ಕಾರಣ. ನಾಲ್ಕು ಮತ್ತು ಆರು ಒಂದೇ ಕುಟುಂಬದವಾದರೆ ಕಾರ್ಖಾನೆಯಲ್ಲಿ ಖರ್ಚು ಕಡಿಮೆ.

ನಮ್ಮ ದೇಶದಲ್ಲಿ ಆ ಗೆರೆಯೇ ಇಲ್ಲ

ನಮ್ಮ ಹುಡುಗರು ಗಮನಿಸಬೇಕಾದ ಮಾತು ಇಲ್ಲಿದೆ. ಚೀನಾದಲ್ಲಿ ನಾಲ್ಕು ಸಿಲಿಂಡರ್ ಕೊಂಡವನಿಗೆ ತೆರಿಗೆಯಲ್ಲಿ ಉಳಿತಾಯ ಉಂಟು. ಭಾರತದಲ್ಲಿ ಇಲ್ಲ. ನಮ್ಮಲ್ಲಿ ಜಿಎಸ್‌ಟಿಯ ದೊಡ್ಡ ಗೆರೆ ಇದ್ದದ್ದು 1,500 ಸಿಸಿಯಲ್ಲಿ. ಹಿಂದೆ ಅದನ್ನು ದಾಟಿದ ದೊಡ್ಡ ಕಾರಿಗೆ ಶೇ.28 ಜಿಎಸ್‌ಟಿಯ ಮೇಲೆ ಶೇ.20 ಸೆಸ್, ಎಸ್‌ಯುವಿ ಆದರೆ ಶೇ.22. ಈಗ ಸೆಸ್ ಹೋಗಿ ಒಟ್ಟು ಶೇ.40. 1,998 ಸಿಸಿಗೂ ಅಷ್ಟೇ, 2,998 ಸಿಸಿಗೂ ಅಷ್ಟೇ. ಥರ್ಡ್ ಪಾರ್ಟಿ ವಿಮೆಯೂ ಹಾಗೆ. 2022ರಲ್ಲಿ ನಿಗದಿಯಾದ ದರದಂತೆ 1,500 ಸಿಸಿ ದಾಟಿದ ಖಾಸಗಿ ಕಾರಿಗೆಲ್ಲ ವರ್ಷಕ್ಕೆ 7,897 ರೂಪಾಯಿ.

ಅಂದರೆ ತೆರಿಗೆ ಉಳಿಸಲಿಕ್ಕೆ ಚೀನಾಕ್ಕೆ ಅಂತ ಹೊಂದಿಸಿದ ಎಂಜಿನ್ ಭಾರತಕ್ಕೂ ಬಂತು. ಆದರೆ ಆ ತೆರಿಗೆಯ ಉಳಿತಾಯ ನಮ್ಮ ಗ್ರಾಹಕನಿಗೆ ಬರಲಿಲ್ಲ. ಅವನಿಗೆ ನಾಲ್ಕು–ಆರರ ವ್ಯತ್ಯಾಸ ಕಾಣುವುದು ಕಾರಿನ ಬೆಲೆಯಲ್ಲಿ, ಪೆಟ್ರೋಲಿನಲ್ಲಿ, ಆಮೇಲೆ ವರ್ಕ್‌ಶಾಪಿನಲ್ಲಿ.

ಬೆಲೆಯನ್ನೇ ನೋಡೋಣ. 2024ರ ಅಕ್ಟೋಬರಿನಲ್ಲಿ ಮರ್ಸಿಡಿಸ್ ಹೊಸ ಇ–ಕ್ಲಾಸ್ ಬಿಡುಗಡೆ ಮಾಡಿದಾಗ ನಾಲ್ಕು ಸಿಲಿಂಡರಿನ ಇ200ಕ್ಕೆ ಎಕ್ಸ್ ಶೋರೂಮ್ 78.5 ಲಕ್ಷ, ಆರು ಸಿಲಿಂಡರಿನ ಇ450ಕ್ಕೆ 92.5 ಲಕ್ಷ. ಶಕ್ತಿಯಲ್ಲಿ ವ್ಯತ್ಯಾಸ ದೊಡ್ಡದೇ, 204ಕ್ಕೆ ಎದುರು 381 ಪಿಎಸ್. ಇ450ರಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಮತ್ತು ಬೇರೆ ಸೌಕರ್ಯಗಳೂ ಇರುವುದರಿಂದ 14 ಲಕ್ಷವೆಲ್ಲ ಸಿಲಿಂಡರಿನ ಬೆಲೆ ಎನ್ನಲಾಗದು. ಆದರೂ ಕೊಡಬೇಕಾದದ್ದು 14 ಲಕ್ಷ. ಶೇ.9ರ ಬಡ್ಡಿಯಲ್ಲಿ ಐದು ವರ್ಷಕ್ಕೆ ಲೆಕ್ಕ ಹಾಕಿದರೆ ಬರೇ ಈ ವ್ಯತ್ಯಾಸದ ಕಂತೇ ತಿಂಗಳಿಗೆ ಸುಮಾರು 29,000 ರೂಪಾಯಿ. ಒಟ್ಟು ಕಟ್ಟುವುದು ಸುಮಾರು 17.4 ಲಕ್ಷ. ವಿಮಾ ಕಂಪೆನಿಗಳ ಸವಕಳಿ ಪಟ್ಟಿಯ ಪ್ರಕಾರ ಐದನೇ ವರ್ಷದಲ್ಲಿ ಕಾರಿನ ಬೆಲೆ ಅರ್ಧ. ಆ 14 ಲಕ್ಷ ಕಾಗದದ ಮೇಲೆ 7 ಲಕ್ಷವಾಗಿರುತ್ತದೆ. ಸಾಲವಿಲ್ಲದೆ ಕೈಯಿಂದಲೇ ಕೊಟ್ಟವರಿಗೂ ಈ ಎರಡನೇ ಲೆಕ್ಕ ತಪ್ಪುವುದಿಲ್ಲ.

ನಾಲ್ಕು ಎಷ್ಟರವರೆಗೆ ಸಾಕು?

ನಾಲ್ಕು ಸಿಲಿಂಡರ್ ಇದ್ದರೆ ಐಷಾರಾಮಿ ಕಾರೇ ಅಲ್ಲ ಎನ್ನುವವರಿಗೆ ವೋಲ್ವೊ ಉತ್ತರ ಕೊಟ್ಟಿದೆ. ಸುಮಾರು ಹತ್ತು ವರ್ಷದ ಹಿಂದೆ ಬಂದ ಎರಡನೇ ತಲೆಮಾರಿನ ಎಕ್ಸ್‌ಸಿ90ಯಲ್ಲಿ ಆರು ಸಿಲಿಂಡರಿನ ಆಯ್ಕೆಯನ್ನೇ ಇಡಲಿಲ್ಲ. ಏಳು ಜನ ಕೂರುವ ಆ ದೊಡ್ಡ ಎಸ್‌ಯುವಿ 2 ಲೀಟರಿನ ನಾಲ್ಕು ಸಿಲಿಂಡರಿನಲ್ಲೇ ಓಡಿತು, ಮಾರಾಟವೂ ಆಯಿತು. ಬೆಂಗಳೂರಿನ ಹತ್ತಿರವೂ ಅದರ ಜೋಡಣೆ ನಡೆಯಿತು.

ಆದರೆ ಎಲ್ಲದಕ್ಕೂ ಒಂದು ಮಿತಿ ಉಂಟು. ಮರ್ಸಿಡಿಸ್–ಎಎಂಜಿ 2022ರಲ್ಲಿ ತನ್ನ ಸಿ63 ಕಾರಿನಿಂದ 4 ಲೀಟರಿನ ವಿ8 ತೆಗೆದು, 2 ಲೀಟರಿನ ನಾಲ್ಕು ಸಿಲಿಂಡರ್ ಮತ್ತು ಎಲೆಕ್ಟ್ರಿಕ್ ಮೋಟರ್ ಇಟ್ಟಿತು. ಕಾಗದದ ಮೇಲೆ 680 ಪಿಎಸ್, 1,020 ನ್ಯೂಟನ್ ಮೀಟರ್. ಹಳೆಯ ವಿ8ಗಿಂತ ತುಂಬ ಮೇಲೆ. ತೂಕ ಎರಡು ಟನ್ ದಾಟಿತು. ಭಾರತಕ್ಕೆ 2024ರ ನವೆಂಬರಿನಲ್ಲಿ ಬಂದಾಗ ಬೆಲೆ 1.95 ಕೋಟಿ. ಅಷ್ಟು ಹಣ ಕೊಡುವವರಿಗೆ ಬರೇ ಅಂಕಿ ಸಾಕಾಗಲಿಲ್ಲ, ಆ ಶಬ್ದ, ಆ ಹದ ಬೇಕಿತ್ತು. ನಾಲ್ಕರ ಜಾಗಕ್ಕೆ ಆರು ಸಿಲಿಂಡರ್ ತರುವ ತಯಾರಿಯಲ್ಲಿ ಎಎಂಜಿ ಇದೆ ಎಂದು 2025ರಲ್ಲಿ ವಾಹನ ಪತ್ರಿಕೆಗಳು ವರದಿ ಮಾಡಿದವು.

ಈ ಎರಡು ಉದಾಹರಣೆಗಳನ್ನು ಜೊತೆಗಿಟ್ಟು ನೋಡಿದರೆ ಉತ್ತರ ಸಿಗುತ್ತದೆ. ಮನೆಮಂದಿಯನ್ನು ಕೂರಿಸಿಕೊಂಡು ಆರಾಮವಾಗಿ ಹೋಗುವ ಕಾರಿಗೆ ನಾಲ್ಕು ಸಾಕು. ಎಂಜಿನ್ನಿನ ಸುಖಕ್ಕೇ ಹಣ ಕೊಡುವವನಿಗೆ ಆರು ಬೇಕು. ಕೇರಳದಲ್ಲಿ ಆರು ಪಥದ ರಾಷ್ಟ್ರೀಯ ಹೆದ್ದಾರಿಯಲ್ಲಿ ಕಾರಿನ ಮಿತಿ ಗಂಟೆಗೆ 110 ಕಿ.ಮೀ. ಬಿಎಂಡಬ್ಲ್ಯು 3 ಸೀರೀಸಿನ ನಾಲ್ಕು ಸಿಲಿಂಡರಿನ 330ಎಲ್‌ಐ ಸುಮಾರು 6 ಸೆಕೆಂಡಿನಲ್ಲಿ 100 ಮುಟ್ಟುತ್ತದೆ, ಆರು ಸಿಲಿಂಡರಿನ ಎಂ340ಐ 4.4 ಸೆಕೆಂಡಿನಲ್ಲಿ. ಆ ಒಂದೂವರೆ ಸೆಕೆಂಡ್ ತಲಪಾಡಿಯಿಂದ ಕಾಸರಗೋಡಿಗೆ ಹೋಗುವವನಿಗೆ ಎಲ್ಲಿ ಸಿಕ್ಕೀತು, ನೀವೇ ಹೇಳಿ.

ಹಳೆಯ ಕಾರಿನ ಲೆಕ್ಕ ಬೇರೆಯೇ

ಇನ್ನು ಆ ಹುಡುಗನ ಹತ್ತು ವರ್ಷದ ಕಾರು. ಸೆಕೆಂಡ್ ಹ್ಯಾಂಡ್ ಐಷಾರಾಮಿ ಕಾರಿನಲ್ಲಿ ಒಂದು ಮಾತು ನೆನಪಿಡಬೇಕು: ಕಾರಿನ ಬೆಲೆ ಇಳಿಯುತ್ತದೆ, ಬಿಡಿಭಾಗದ ಬೆಲೆ ಇಳಿಯುವುದಿಲ್ಲ. 60 ಲಕ್ಷದ ಕಾರು 10 ಲಕ್ಷಕ್ಕೆ ಸಿಕ್ಕರೂ ಅದರ ಇಂಜೆಕ್ಟರ್ 60 ಲಕ್ಷದ ಕಾರಿನ ಇಂಜೆಕ್ಟರೇ. ಆರು ಸಿಲಿಂಡರಿನಲ್ಲಿ ಅಂಥವು ಆರು. ಪೆಟ್ರೋಲ್ ಆದರೆ ಸ್ಪಾರ್ಕ್ ಪ್ಲಗ್ ಆರು, ಕಾಯಿಲ್ ಆರು. ಬಿಎಂಡಬ್ಲ್ಯುವಿನ ಈಗಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್ನಿಗೆ ಐದೂಕಾಲು ಲೀಟರ್ ಆಯಿಲ್ ಬೇಕಾದರೆ ಆರು ಸಿಲಿಂಡರಿಗೆ ಆರೂವರೆ.

ಹಾಗಂತ ನಾಲ್ಕು ಸಿಲಿಂಡರ್ ಅಂದ ಕೂಡಲೇ ನಿಶ್ಚಿಂತೆ ಎಂದೂ ಇಲ್ಲ. ಮೇಲೆ ಹೇಳಿದ 328ಐ ಕಾರಿನ ನಾಲ್ಕು ಸಿಲಿಂಡರ್ ಎಂಜಿನ್ನಿನ ಟೈಮಿಂಗ್ ಚೈನ್ ಗೈಡ್ ಬೇಗ ಸವೆಯುತ್ತದೆ ಎಂದು ಅಮೆರಿಕದಲ್ಲಿ ಮಾಲೀಕರು ಕೋರ್ಟಿಗೆ ಹೋದರು. ಅದೇ ಕಂಪೆನಿಯ ಆರು ಸಿಲಿಂಡರ್ ಟರ್ಬೊ ಕಾರುಗಳನ್ನು ಹೈ ಪ್ರೆಶರ್ ಫ್ಯುಯೆಲ್ ಪಂಪಿನ ದೋಷಕ್ಕಾಗಿ 2010ರಲ್ಲಿ ಅಲ್ಲಿಯೇ ವಾಪಸ್ ಕರೆಸಲಾಯಿತು. ಸಿಲಿಂಡರ್ ಎಣಿಸಿ ಬಾಳಿಕೆ ಹೇಳಲಿಕ್ಕೆ ಆಗುವುದಿಲ್ಲ. ಎಂಜಿನ್ ಯಾವುದು, ಯಾವ ವರ್ಷದ್ದು, ಸರ್ವಿಸ್ ಹೇಗೆ ಆಗಿದೆ, ಅದು ಮುಖ್ಯ.

ನಾನು ಆ ಹುಡುಗನಿಗೆ ಹೇಳಿದ್ದು ನಾಲ್ಕು ಮಾತು. ಒಂದು, ಡಿಕ್ಕಿಯ ಮೇಲಿನ ಬ್ಯಾಡ್ಜ್ ನಂಬಬೇಡ, ಆರ್‌ಸಿ ನೋಡು. ಸಿಸಿಯೂ ಸಿಲಿಂಡರಿನ ಸಂಖ್ಯೆಯೂ ಅದರಲ್ಲಿ ಇರುತ್ತದೆ. ಎರಡು, ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಹೋಗಿ ನೀನೇ ಸ್ಟಾರ್ಟ್ ಮಾಡು. ಬಿಸಿ ಎಂಜಿನ್ ಬೇಕಾದಷ್ಟು ಸುಳ್ಳು ಹೇಳ್ತದೆ. ಆ ಕಂಪೆನಿಯ ಕೆಲಸ ಗೊತ್ತಿರುವ, ಮಾರುವವನ ಕಡೆಯವನಲ್ಲದ ಮೆಕ್ಯಾನಿಕ್‌ನಿಂದ ಸ್ಕ್ಯಾನರ್ ಹಾಕಿಸು. ಮೂರು, ಕರ್ನಾಟಕ ನಂಬರಿನ ಕಾರಾದರೆ ಗಡಿ ಈಚೆ ಖಾಯಂ ಇಟ್ಟುಕೊಳ್ಳಲು ಎನ್‌ಒಸಿ, ಮರುನೋಂದಣಿ, ಕೇರಳದ ತೆರಿಗೆ ಎಲ್ಲ ಉಂಟು. ತೆರಿಗೆಯ ಲೆಕ್ಕ ನೀನು ಕೊಟ್ಟ ಅಗ್ಗದ ಬೆಲೆಯ ಮೇಲಲ್ಲ, ಕಾರಿನ ಮೂಲ ಬೆಲೆ ಮತ್ತು ವಯಸ್ಸಿನ ಮೇಲೆ. ಅದನ್ನು ಮೊದಲೇ ಕೇಳಿ ತಿಳಿದುಕೋ. ನಾಲ್ಕು, ಕಾರಿನ ಬೆಲೆಯ ಕಾಲು ಭಾಗವನ್ನಾದರೂ ಮೊದಲ ವರ್ಷದ ರಿಪೇರಿಗೆ ಬೇರೆ ತೆಗೆದಿಡು. ಅಷ್ಟು ತೆಗೆದಿಡಲಿಕ್ಕೆ ಆಗದಿದ್ದರೆ ಆ ಕಾರು ನಿನ್ನದಲ್ಲ, ಸಿಲಿಂಡರ್ ನಾಲ್ಕಿರಲಿ, ಆರಿರಲಿ.

ಈ ನಾಲ್ಕನೇ ಮಾತು ಪುಸ್ತಕದಿಂದ ಬಂದದ್ದಲ್ಲ. ನನ್ನ ಮನೆಯವರೊಬ್ಬರು ಗಲ್ಫಿನಿಂದ ಬಂದ ಹೊಸತರಲ್ಲಿ ಇಂಥದ್ದೇ ಒಂದು ಆರು ಸಿಲಿಂಡರ್ ಡೀಸೆಲ್ ಕಾರು ತೆಗೆದುಕೊಂಡಿದ್ದರು. ಎರಡು ಮದುವೆ, ಒಂದು ಮಳೆಗಾಲ ಓಡಿತು. ಆಮೇಲೆ ಎಂಟು ತಿಂಗಳು ಶೀಟ್ ಹೊದ್ದುಕೊಂಡು ಅಂಗಳದಲ್ಲಿ ನಿಂತಿತು. ಕಾರು ಕೆಟ್ಟದ್ದಿರಲಿಲ್ಲ. ರಿಪೇರಿಗೆ ಬೇಕಾದ ಹಣ ಕಾರು ಕೊಳ್ಳುವಾಗಲೇ ಖಾಲಿಯಾಗಿತ್ತು. ಅಂಗಡಿ ಹಾಕಬೇಕೆಂದಿದ್ದ ಅವರು ಕೊನೆಗೆ ವೀಸಾ ನೋಡಿ ಮತ್ತೆ ವಿಮಾನ ಹತ್ತಿದರು.

ಹುಡುಗ ಎಲ್ಲ ಕೇಳಿ, "ಆದ್ರೂ ಕಾಕ, ಆರು ಸಿಲಿಂಡರಿನ ಆ ಸೌಂಡ್..." ಅಂದ. ಅದು ಸುಳ್ಳಲ್ಲ. ನನಗೂ ಅದು ಇಷ್ಟವೇ. ಹಣ ಇದ್ದು, ಗೊತ್ತಿದ್ದು ತೆಗೆದುಕೊಳ್ಳುವವನಿಗೆ ಅದು ಒಳ್ಳೆಯ ಸುಖ, ಬೇಡ ಎನ್ನಲಿಕ್ಕೆ ನಾವು ಯಾರು? ನಾಲ್ಕು ಸಿಲಿಂಡರ್ ಅಂದರೆ ಸಣ್ಣವನು ಎಂಬ ಭಾವನೆಯಿಂದ ಮಾತ್ರ ಆರಕ್ಕೆ ಹೋಗಬೇಡಿ.

ಅವನು ಮರುದಿನ ಮಾರುವವನಿಗೆ ಫೋನ್ ಮಾಡಿ ಆರ್‌ಸಿಯ ಫೋಟೋ ಮತ್ತು ಸರ್ವಿಸ್ ಬಿಲ್ಲುಗಳನ್ನು ಕೇಳಿದನಂತೆ. ಆರ್‌ಸಿ ಬಂತು. ಬಿಲ್ಲುಗಳು ಇನ್ನೂ ಬಂದಿಲ್ಲ.