ಮೈದಾನದ ದಮ್ಮು, ಭಾನುವಾರದ ದಮ್ಮು

ಟಿ.ವಿ.ಯಲ್ಲಿ ಫುಟ್‌ಬಾಲ್ ನೋಡುತ್ತ, 'ಓಡುವುದು ತಾನೆ, ದಮ್ಮಿದ್ದರೆ ಯಾರಾದರೂ ಆಡಬಹುದು' ಎನ್ನುವವರನ್ನು ನೀವು ಕಂಡಿರುತ್ತೀರಿ. ಈ ಮಾತಿಗೆ ನನ್ನ ತಕರಾರಿದೆ.

ಉನ್ನತ ದರ್ಜೆಯ ಆಟಗಾರ ಒಂದು ಪಂದ್ಯದಲ್ಲಿ 10ರಿಂದ 12 ಕಿಲೋಮೀಟರ್ ಕ್ರಮಿಸುತ್ತಾನೆ. ಗೋಲ್‌ಕೀಪರನ ಲೆಕ್ಕ ಬೇರೆ. ಇದರಲ್ಲಿ ಬಹುಪಾಲು ನಡಿಗೆ ಮತ್ತು ನಿಧಾನ ಓಟ. ಒಂದು ಮೆಟ್ಟಿಲು ಕೆಳಗಿನ ವೃತ್ತಿಪರನೂ ಹೆಚ್ಚುಕಡಿಮೆ ಇಷ್ಟೇ ದೂರ ಓಡುತ್ತಾನೆ. ಹಾಗಾದರೆ ವ್ಯತ್ಯಾಸವೆಲ್ಲಿ? 2003ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಸಂಶೋಧಕರ ಅಧ್ಯಯನದಲ್ಲಿ ಉನ್ನತ ದರ್ಜೆಯವರು ಮಧ್ಯಮ ದರ್ಜೆಯವರಿಗಿಂತ ರಭಸದ ಓಟವನ್ನು ಶೇ. 28ರಷ್ಟು, ಪೂರ್ಣ ವೇಗದ ಓಟವನ್ನು ಶೇ. 58ರಷ್ಟು ಹೆಚ್ಚಾಗಿ ಓಡಿದ್ದರು.

ಕೆಲವೇ ಸೆಕೆಂಡುಗಳ ಇಂಥ ಓಟಕ್ಕೆ ಬೇಕಾದ ಶಕ್ತಿ ಸ್ನಾಯುವಿನಲ್ಲೇ ಶೇಖರವಾಗಿರುತ್ತದೆ. ಖರ್ಚಾದದ್ದನ್ನು ಮತ್ತೆ ತುಂಬಲು ಆಮ್ಲಜನಕ ಬೇಕು. ಆದ್ದರಿಂದ ಹೃದಯ, ಶ್ವಾಸಕೋಶಗಳ ನಿಜವಾದ ಪರೀಕ್ಷೆ ಎರಡು ಓಟಗಳ ನಡುವಿನ ಬಿಡುವಿನಲ್ಲಿ. ಕ್ರಿಕೆಟ್ ಸುದ್ದಿಗಳಿಂದ ನಿಮಗೆ ಪರಿಚಿತವಾದ ಯೋ-ಯೋ ಪರೀಕ್ಷೆ ಅಳೆಯುವುದು ಇದನ್ನೇ: 20 ಮೀಟರ್ ಹೋಗಿ, 20 ಮೀಟರ್ ಹಿಂದಿರುಗಿ, 10 ಸೆಕೆಂಡ್ ಸುಧಾರಿಸಿಕೊಂಡು ಮತ್ತೆ ಓಟ, ವೇಗ ಏರುತ್ತಲೇ ಹೋಗುತ್ತದೆ. ಇದನ್ನು ರೂಪಿಸಿದವರು ಡೆನ್ಮಾರ್ಕಿನ ಫುಟ್‌ಬಾಲ್ ತಜ್ಞ ಯೆನ್ಸ್ ಬಾಂಗ್ಸ್‌ಬೋ.

ಆದರೆ ಇಂಗ್ಲೆಂಡಿನ ಮೊದಲ ಮೂರು ದರ್ಜೆಗಳ ಬಗ್ಗೆ 2013ರಲ್ಲಿ ಬಂದ ಅಧ್ಯಯನ ಬೇರೆಯೇ ಹೇಳಿತು. ಅಲ್ಲಿ ಹೆಚ್ಚು ರಭಸವಾಗಿ ಓಡಿದವರು ಕೆಳದರ್ಜೆಯವರು! ಒಂದು ಮಟ್ಟ ತಲುಪಿದ ಮೇಲೆ ದಮ್ಮಿಗಿಂತ ಚೆಂಡಿನ ಹಿಡಿತ, ಆಟದ ಅರಿವು ಮುಖ್ಯವಾಗುತ್ತದೆಂದು ನನಗನ್ನಿಸುತ್ತದೆ. ಮಕ್ಕಳನ್ನು ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಬರೀ ಸುತ್ತು ಹಾಕಿಸುವ ತಂದೆಯರು ಇದನ್ನು ಯೋಚಿಸಲಿ.

ನನ್ನ ಚಿಂತೆ ಮಾತ್ರ ಆ ತಂದೆಯರದೇ. ವಾರವಿಡೀ ಕುರ್ಚಿಯಲ್ಲಿ ಕೂತು, ಭಾನುವಾರ ಹುಡುಗರ ಜೊತೆ ಮೈದಾನಕ್ಕಿಳಿದು, ಸೋಮವಾರ ಕುಂಟುತ್ತ ನನ್ನ ಬಳಿ ಬರುತ್ತಾರೆ. ಮೀನಖಂಡವೋ ತೊಡೆಯ ಹಿಂಭಾಗವೋ ಹರಿದಿರುತ್ತದೆ. ಇವರು ಎಡವುವುದು ದೂರದ ಓಟದಲ್ಲಲ್ಲ, ತಟ್ಟನೆ ನುಗ್ಗುವ ಆ ಓಟದಲ್ಲಿ. ಅದಕ್ಕೆ ದೇಹ ಅಣಿಯಾಗಲು ವಾರಕ್ಕೆ ಮೂರು ದಿನದಂತೆ ಒಂದೆರಡು ತಿಂಗಳಾದರೂ ಬೇಕು: ಮೊದಲು ಬಿರುಸು ನಡಿಗೆ, ಆಮೇಲೆ ನಿಧಾನ ಓಟ, ಕೊನೆಗೆ ನಡುನಡುವೆ ಚುಟುಕು ವೇಗದ ಓಟ. ಆಟಕ್ಕೆ ಮುಂಚೆ ಹದಿನೈದು ಇಪ್ಪತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳಿ.

ನಲವತ್ತು ದಾಟಿದವರು, ಬಿ.ಪಿ., ಸಕ್ಕರೆ ಕಾಯಿಲೆ ಅಥವಾ ಸಿಗರೇಟಿನ ಚಟ ಇರುವವರು, ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಕಂಡವರು ಮೈದಾನಕ್ಕಿಳಿಯುವ ಮೊದಲು ವೈದ್ಯರಿಗೆ ತೋರಿಸಿಕೊಳ್ಳಿ. ಆಡುವಾಗ ಎದೆ ಹಿಡಿದಂತಾದರೆ ಗ್ಯಾಸ್ ಎಂದು ಸೋಡಾ ಕುಡಿದು ಮತ್ತೆ ಆಟಕ್ಕಿಳಿಯಬೇಡಿ; ಆ ಕ್ಷಣವೇ ಆಟ ನಿಲ್ಲಿಸಿ, ಜೊತೆಗಾರರನ್ನು ಕರೆದುಕೊಂಡು ಆಸ್ಪತ್ರೆಗೆ ಹೊರಡಿ. ಗಾಡಿಯನ್ನು ನೀವೇ ಓಡಿಸಬೇಡಿ.